ಮೊದಲ ಹಾಳೆ

"ಎಡಕ್ಕಲ್ಲ ಮಾರಾಯಾ, ಬಲಕ್ಕೆ! ಬಲಕ್ಕೆ ತಿರುಗ್ಸು!"

ಕೋರ್ಡ್ ಬೇನ್ ಹೀಗೆ ಕೂಗುವ ಹೊತ್ತಿಗೆ ಶವಪೆಟ್ಟಿಗೆ ಅರ್ಧ ಎಡಕ್ಕೆ ತಿರುಗಿಯೇಬಿಟ್ಟಿತ್ತು. ಹೊತ್ತ ಆರು ಜನರಲ್ಲಿ ನಾಲ್ವರು ದೊಡ್ಡ ಚರ್ಚಿನವರು. ಹೆಣ ಹೊತ್ತು ಅಂಗಳ ದಾಟಿದರೆ ಎಡಕ್ಕೆ, ಓಕ್ ಮರಗಳ ಕಡೆಗೆ ಹೋಗಿ ಅವರ ಕಾಲಿಗೆ ರೂಢಿ. ಮುಂದಿದ್ದವರು ಬಲಕ್ಕೆ ಎಳೆದರು, ಹಿಂದಿದ್ದವರು ಎಡಕ್ಕೆ ಒತ್ತಿದರು. ಪೆಟ್ಟಿಗೆಯೊಳಗಿನ ಇಲ್ಸಬೆ ರಾಬೆಲರ್ ತನ್ನ ಸ್ವಂತ ಅಂಗಳದಲ್ಲಿ, ಎಪ್ಪತ್ತನಾಲ್ಕು ವರ್ಷದ ಮೇಲೆ, ಯಾವ ಕಡೆಗೆಂದು ಗೊತ್ತಾಗದೆ ಒಂದು ಗಳಿಗೆ ನಿಂತಳು.

"ಇವಳು ಹೋಗ್ತಾ ಹೋಗ್ತಾನೂ ನಿಮ್ಮನ್ನ ಕುಣಿಸ್ತಾಳೆ ನೋಡಿ," ಎಂದಳು ಪಕ್ಕದ ಮನೆಯ ಟ್ರೀನೆ, ಕೋರ್ಡನ ಹೆಂಡತಿ. ನಾಲ್ಕಾರು ಹೆಂಗಸರು ಕರವಸ್ತ್ರದ ಹಿಂದೆ ನಕ್ಕರು.

ವೀಟ್ಸ್‌ಮೋರಿನಲ್ಲಿ ಹೆಣ ಹೊರುವುದು ನೆರೆಯವರ ಪಾಲಿನ ಕೆಲಸ. ಗುಂಡಿ ತೋಡುವುದೂ ಅವರೇ, ಮನೆಮನೆಗೆ ಹೋಗಿ ಸುದ್ದಿ ಹೇಳುವುದೂ ಅವರೇ. ಅದಕ್ಕೆ ಯಾರೂ ಯಾವ ಚರ್ಚು ಎಂದು ಕೇಳುವುದಿಲ್ಲ. ಕೇಳುವುದು ದಾರಿ ಹಿಡಿಯುವಾಗ ಮಾತ್ರ. ದೊಡ್ಡ ಚರ್ಚಿನವರಿಗೆ ಎಡ, ಸಣ್ಣ ಚರ್ಚಿನವರಿಗೆ ಬಲ. ಎರಡರ ಮೇಲೂ ಲೂಥರನದೇ ಹೆಸರು, ಎರಡರಲ್ಲೂ ಅದೇ ಬೈಬಲು.

ಪೆಟ್ಟಿಗೆಯ ಹಿಂದೆ ಮೊದಲಿಗಳಾಗಿ ನಡೆಯಬೇಕಾದವಳು ಗೇಷೆ, ಇಲ್ಸಬೆಯ ತಂಗಿ. ಬೇರೆ ಯಾರೂ ಇಲ್ಲ. ಅಕ್ಕ ಮದುವೆಯಾಗಲಿಲ್ಲ, ಗೇಷೆಗೆ ಮಕ್ಕಳಾಗಲಿಲ್ಲ, ಗಂಡ ಹಿನ್ರಿಕ್ ಹೋಗಿ ಹನ್ನೊಂದು ವರ್ಷ. ಮಾರ್ಚಿನ ಹೆಪ್ಪುಗಟ್ಟಿದ ಮರಳು ಬೂಟಿನಡಿ ಕರಕರ ಎನ್ನುತ್ತಿತ್ತು. ಅವಳ ಕಿವಿಯಲ್ಲಿ ಮಾತ್ರ ನಾಲ್ಕು ದಿನದಿಂದ ಒಂದೇ ಮಾತು. ಅಕ್ಕ ಅವಳ ಕಡೆ ನೋಡದೆ, ಗೋಡೆಗೆ ಮುಖ ಮಾಡಿ ಕೇಳಿದ ಮಾತು.

"ಒಲೆ ಚೆನ್ನಾಗಿ ಉರೀತಾ?"

ಅದಾದ ಮೇಲೆ ಇಲ್ಸಬೆ ನೀರು ಕೇಳಿದಳು, ದಿಂಬು ಸರಿಮಾಡಲು ಹೇಳಿದಳು, ಮರುದಿನ ಬೆಳಗಿನ ಜಾವ ಸತ್ತಳು. ಸಿಟ್ಟಿನಲ್ಲಿ ಹೋದಳೋ, ಇಲ್ಲವೋ? ಸಿಟ್ಟಾಗಿದ್ದರೆ ಯಾತಕ್ಕೆ? ನಲವತ್ತೇಳು ವರ್ಷದ ಹಳೆಯದಕ್ಕೋ, ಆ ದಿನದ್ದಕ್ಕೋ? ಕೇಳಬೇಕಾದವಳು ಮುಂದೆ ಆರು ಹೆಗಲ ಮೇಲೆ ಹೋಗುತ್ತಿದ್ದಳು.

*

ಅಕ್ಕತಂಗಿಯರ ಅಜ್ಜನ ಕಾಲದಲ್ಲಿ ಮದುವೆ ಮಾಡಿಸುವ ಪುಸ್ತಕದ ನಾಲ್ಕು ಸಾಲು ಬದಲಾದವು. ಚರ್ಚಿನ ಮೇಲಿನವರು ಬದಲಿಸಿದರು. ಅಜ್ಜ ಮತ್ತು ಇನ್ನೂ ಇಪ್ಪತ್ತು ಮನೆಯವರು ಅದು ದೇವರ ಮಾತಿಗೆ ಕೈಹಾಕಿದ ಹಾಗೆ ಎಂದು ದೊಡ್ಡ ಚರ್ಚಿನಿಂದ ಎದ್ದು ಬಂದು ಒಂದು ಹೊಲದಲ್ಲಿ ಇಟ್ಟಿಗೆಯ ಸಣ್ಣ ಚರ್ಚು ಕಟ್ಟಿದರು. ಅಲ್ಲಿಂದ ಮುಂದೆ ಈ ವೇದಿಯಲ್ಲಿ ಯೇಸುವಿನ ಕೊನೆಯ ಊಟದ ನೆನಪಿನ ಭೋಜನ ತೆಗೆದುಕೊಂಡವರು ಆ ವೇದಿಗೆ ಹೋಗುವ ಹಾಗಿಲ್ಲ, ಆ ಕಡೆಯವರು ಈ ಕಡೆ ಬರುವ ಹಾಗಿಲ್ಲ.

ಸಣ್ಣ ಚರ್ಚಿಗೆ ಆ ಭೋಜನದ ರೊಟ್ಟಿ, ಅಂದರೆ ತೆಳ್ಳನೆಯ ಬಿಲ್ಲೆ, ಬೇಯಿಸುವ ಕೆಲಸ ರಾಬೆಲರ್ ಮನೆಯದಾಯಿತು. ಉದ್ದ ಹಿಡಿಯ ಕಬ್ಬಿಣದ ಅಚ್ಚು, ಇಕ್ಕಳದ ಹಾಗೆ ಬಾಯಿ ಬಿಡುತ್ತದೆ. ಒಳಗೆ ಎಡಕ್ಕೆ ಮೂರು ಶಿಲುಬೆ, ಬಲಕ್ಕೆ ಮೂರು, ನಡುವೆ ಒಂದು ಗೆರೆ. ಜೇನುಮೇಣ ಸವರಿ, ಒಲೆಯ ಮೇಲೆ ಕಾಯಿಸಿ, ಗೋಧಿಹಿಟ್ಟಿನ ನೀರನ್ನು ಹೊಯ್ದು ಮುಚ್ಚಿದರೆ ಚುಂಯ್ ಎನ್ನುತ್ತದೆ. ತೆರೆದರೆ ತೆಳ್ಳನೆಯ ಬಿಳಿ ಹಾಳೆ. ಅದನ್ನು ಗುಂಡಗೆ ಕತ್ತರಿಸಿ ಡಬ್ಬಿಗೆ ತುಂಬುವುದು.

ಮೊದಲ ಹಾಳೆ ಮಾತ್ರ ಡಬ್ಬಿಗೆ ಹೋಗುತ್ತಿರಲಿಲ್ಲ. ಅಚ್ಚಿನ ಮೇಣ, ತುಕ್ಕು, ಹಿಂದಿನ ವಾರದ ಮಸಿ ಎಲ್ಲ ಅದಕ್ಕೆ ಅಂಟುತ್ತದೆ. ಶನಿವಾರ ಮಧ್ಯಾಹ್ನ ಅವ್ವ ಅದನ್ನು ನಡುಗೆರೆಗೆ ಸರಿಯಾಗಿ ಮುರಿದು ಇಬ್ಬರಿಗೆ ಕೊಡುತ್ತಿದ್ದಳು.

"ಇದು ಬರೀ ಹಿಟ್ಟು ಕಣ್ರೇ. ಪ್ರಾರ್ಥನೆ ಆಗಿಲ್ಲ. ತಿನ್ನಿ."

ಸುಟ್ಟ ಮೇಣದ ವಾಸನೆ, ಕಾಗದದ ರುಚಿ. ಆದರೂ ಅಕ್ಕ ತನ್ನ ಅರ್ಧವನ್ನು ಒಮ್ಮೆಲೇ ತಿನ್ನುತ್ತಿರಲಿಲ್ಲ. ಗೇಷೆಯದು ಮುಗಿಯುವವರೆಗೆ ಕಾದು, ಆಮೇಲೆ ಮೆಲ್ಲಗೆ, ತೋರಿಸಿ ತೋರಿಸಿ ತಿನ್ನುತ್ತಿದ್ದಳು.

ಈಗ್ಗೆ ನಲವತ್ತೇಳು ವರ್ಷದ ಹಿಂದೆ, ಸಾವಿರದ ಒಂಬೈನೂರ ಇಪ್ಪತ್ತೊಂದರಲ್ಲಿ, ಗೇಷೆ ದೊಡ್ಡ ಚರ್ಚಿನ ಹಿನ್ರಿಕ್ ಲ್ಯೂರ್ಸನನ್ನು ಮದುವೆಯಾದಳು. ಅಜ್ಜ ಯಾವ ನಾಲ್ಕು ಸಾಲಿಗಾಗಿ ಎದ್ದು ಬಂದಿದ್ದನೋ ಅದೇ ನಾಲ್ಕು ಸಾಲು ಅವಳ ತಲೆಯ ಮೇಲೆ ಓದಿದರು. ಅಪ್ಪ ಅವ್ವ ಬರಲಿಲ್ಲ. ಇಲ್ಸಬೆ ಬಂದಳು, ಒಳಗೆ ಬರಲಿಲ್ಲ. ಮದುವೆ ಮುಗಿಯುವವರೆಗೆ ಚರ್ಚಿನ ಬಾಗಿಲಾಚೆ, ತಂಗಿಯ ಉಣ್ಣೆಯ ಶಾಲು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಹೊರಗೆ ಬಂದ ಗೇಷೆಗೆ ಅದನ್ನು ಹೊದಿಸಿ, "ಛಳಿ ಇದೆ," ಎಂದಳು. ಸಂಜೆ ಊಟದಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳೂ ಅವಳೇ.

ಎರಡನೆಯ ಯುದ್ಧ ಮುಗಿದ ಚಳಿಗಾಲದಲ್ಲಿ ಪೇಟೆಯಿಂದ ಬಿಲ್ಲೆ ಬರುವುದು ನಿಂತಿತು. ದೊಡ್ಡ ಚರ್ಚಿನ ಪಾಸ್ಟರ ಹೆಂಡತಿ ಒಂದು ಗಂಟು ಹಿಟ್ಟು ಹಿಡಿದು ಇಲ್ಸಬೆಯ ಹಿತ್ತಿಲ ಬಾಗಿಲಿಗೆ ಬಂದಳು. ಇಲ್ಸಬೆ ಎರಡು ಹಿಟ್ಟನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿದಳು. ಅಂದಿನಿಂದ ಒಂದೇ ಅಚ್ಚು, ಎರಡು ಡಬ್ಬಿ. ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಡಲಿಲ್ಲ.

"ನಾನು ಬೇಯ್ಸಿದ್ದನ್ನೇ ನೀನು ಅಲ್ಲಿ ತಿಂತೀಯ," ಎಂದು ಇಲ್ಸಬೆ ಒಮ್ಮೆ ರಸ್ತೆಯಲ್ಲಿ ನಕ್ಕಳು. "ನನ್ನ ಪಕ್ಕ ಮೊಣಕಾಲೂರಿ ಮಾತ್ರ ತಿನ್ನೋ ಹಾಗಿಲ್ಲ. ಚೆನ್ನಾಗಿದೆ ಅಲ್ವೇನೇ ನಮ್ಮ ಸಂಸಾರ?"

ಗೇಷೆ ನಕ್ಕಿದ್ದಳು. ಆ ದಿನ ಮನೆಗೆ ಹೋದ ಮೇಲೆ ನಗು ಬಂದಿರಲಿಲ್ಲ.

*

ಸಣ್ಣ ಚರ್ಚಿನ ಬಾಗಿಲಲ್ಲಿ ಹೊರುವವರು ಬೂಟಿನ ಮಣ್ಣು ಕೊಡವಿದರು. ಕೋರ್ಡ್ ಮತ್ತು ದೊಡ್ಡ ಚರ್ಚಿನ ಉಳಿದ ಮೂವರು ಪೆಟ್ಟಿಗೆಯನ್ನು ಒಳಗೆ ಇಳಿಸಿ, ಟೊಪ್ಪಿಗೆ ಕೈಯಲ್ಲಿ ಹಿಡಿದು ಹಿಂದಿನ ಬೆಂಚಿಗೆ ಹೋದರು. ಅತಿಥಿಗಳ ಬೆಂಚು ಅದು. ಗೇಷೆಯ ಕಾಲೂ ಆ ಕಡೆಗೇ ಹೊರಟಿತು.

"ಎಲ್ಲಿಗೇ ಹೊರಟೆ?" ಟ್ರೀನೆ ತೋಳು ಹಿಡಿದಳು. "ಸತ್ತಿರೋದು ನಿನ್ನಕ್ಕ. ಮುಂದೆ ಕೂತ್ಕೊ."

"ನಾನಿಲ್ಲಿಯವಳಲ್ಲ."

"ನಾನೂ ಅಲ್ಲ. ನನಗೇನು ಬೆಂಚು ಕಚ್ಚುತ್ತಾ?"

ಗೇಷೆ ರಾಬೆಲರ್ ಮನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತಳು. ಆರು ಜನ ಕೂರುವ ಬೆಂಚು. ಮರದಲ್ಲಿ ಒಂದು ಗಂಟು ಇತ್ತು, ಬೆರಳಿಗೆ ಸಿಕ್ಕಿತು. ಚಿಕ್ಕವಳಿದ್ದಾಗ ಪಾಸ್ಟರ ಪ್ರಸಂಗ, ಆ ಉದ್ದನೆಯ ಉಪದೇಶ, ಮುಗಿಯುವವರೆಗೆ ಅದನ್ನೇ ಉಗುರಿನಿಂದ ಕೆರೆಯುತ್ತಿದ್ದಳು. ಕೆರೆದ ಗುರುತು ಹಾಗೇ ಇತ್ತು.

ಪಾಸ್ಟರ್ ವೀಬೆ ಇನ್ನೂ ನಲವತ್ತು ದಾಟದ, ಬಡಕಲು ಮನುಷ್ಯ. ಇಲ್ಸಬೆ ಯಾರನ್ನೂ ನೋಯಿಸದೆ ಬಾಳಿದಳು ಎಂದ. ಹಿಂದಿನ ಬೆಂಚಿನಿಂದ ಕೋರ್ಡ್ ಕೆಮ್ಮಿದ. ಅವನ ಹಂದಿ ಅವಳ ಎಲೆಕೋಸಿನ ಮಡಿಗೆ ನುಗ್ಗಿದ ವರ್ಷ ಅವಳು ಆಡಿದ್ದು ಊರಿಗೆ ನೆನಪಿತ್ತು. ಪಾಸ್ಟರ್ ಮಾತಿನ ನಡುವೆ ಎರಡು ಸಲ ಗೇಷೆಯನ್ನು ನೋಡಿ, ಎರಡು ಸಲವೂ ಕಣ್ಣು ಕೆಳಗೆ ಹಾಕಿದ. ಇವನಿಗೂ ಇಲ್ಲಿ ನಾನು ಕೂತದ್ದು ಸರಿಬರಲಿಲ್ಲ ಎಂದುಕೊಂಡಳು ಗೇಷೆ.

ಸ್ಮಶಾನ ಎರಡು ಚರ್ಚಿಗೂ ಒಂದೇ, ನಡುವೆ ಜೂನಿಪರ್ ಪೊದೆಯ ಬೇಲಿ. ಬೇಲಿಯ ಆಚೆ ಹಿನ್ರಿಕ್‌ನ ಕಲ್ಲು ಕಾಣುತ್ತಿತ್ತು. ಅದರ ಮೇಲೆ ಗೇಷೆಯ ಹೆಸರು ಆಗಲೇ ಕೆತ್ತಿದೆ, ಒಂದು ಇಸವಿಗೆ ಜಾಗ ಬಿಟ್ಟಿದೆ. ಈಚೆ ಮರಳಿನ ಗುಂಡಿ. ಗೇಷೆ ಮೂರು ಹಿಡಿ ಮರಳು ಹಾಕಿದಳು. ಹೆಪ್ಪುಗಟ್ಟಿದ ಮರಳು ಪೆಟ್ಟಿಗೆಯ ಮೇಲೆ ಕಲ್ಲಿನ ಹಾಗೆ ಸದ್ದು ಮಾಡಿತು.

*

ಸಾಯುವ ಹಿಂದಿನ ದಿನ, ಮಂಗಳವಾರ ಬೆಳಿಗ್ಗೆ, ಇಲ್ಸಬೆ ಹೇಳಿದ್ದಳು, "ಪಾಸ್ಟರ್ ಬರ್ತಾರೆ ಇವತ್ತು. ಭೋಜನ ತರ್ತಾರೆ. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸು. ಆ ಇನ್ನೊಂದು ಕುರ್ಚಿನೂ ಇಲ್ಲಿ ಹಾಕು."

ಗೇಷೆ ಬಟ್ಟೆ ಹಾಸಿದಳು. ಎರಡು ಮೇಣದಬತ್ತಿ ಹಚ್ಚಿದಳು. ಪಾಸ್ಟರಿಗೆಂದು ಒಂದು ಕುರ್ಚಿ ಇತ್ತು. ಇನ್ನೊಂದು ಅವನ ಚೀಲಕ್ಕಿರಬೇಕು ಎಂದುಕೊಂಡು ಅದನ್ನೂ ಎಳೆದಿಟ್ಟಳು. ಅವಳು ಅಕ್ಕನ ಆರೈಕೆಗೆ ಬಂದು ಏಳು ವಾರವಾಗಿತ್ತು. ತಲೆ ಬಾಚಿ, ಮೈ ಒರೆಸಿ, ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು. ಆದರೆ ಪಾಸ್ಟರ್ ಬಂದು ಟೊಪ್ಪಿಗೆ ತೆಗೆದು ಸಣ್ಣ ಬೆಳ್ಳಿಯ ಬಟ್ಟಲನ್ನು ಬಟ್ಟೆಯ ಮೇಲಿಟ್ಟ ಕೂಡಲೇ ಎದ್ದು ನಿಂತಳು. ಯಾರೂ ಏನೂ ಹೇಳಿರಲಿಲ್ಲ. ಹೇಳುವ ಮೊದಲೇ ಏಳುವುದು ಮರ್ಯಾದೆ; ಹೇಳಿಸಿಕೊಂಡು ಏಳುವುದು ಅವಮಾನ. ಅಕ್ಕನ ಮುಖ ನೋಡದೆ ಅಡಿಗೆಮನೆಗೆ ಹೋಗಿ ಬಾಗಿಲು ಮುಚ್ಚಿದಳು.

ಬಾಗಿಲು ತೆಳ್ಳಗಿತ್ತು. ಆಚೆ ಪಾಸ್ಟರ ದನಿ ಎದ್ದಿತು. ತನ್ನದಲ್ಲದ ಪ್ರಾರ್ಥನೆಯನ್ನು ಕದ್ದು ಕೇಳಿದ ಹಾಗಾಗಬಾರದು ಎಂದು ಗೇಷೆ ಒಲೆಯ ಬಾಯಿ ಮುಚ್ಚುವ ಕಬ್ಬಿಣದ ಬಳೆಗಳನ್ನು ಒಂದೊಂದಾಗಿ ಎತ್ತಿ ಹಾಕಿದಳು, ಬೂದಿ ಕೆದಕಿದಳು, ಹೊಗೆ ಕೊಳವೆಯನ್ನು ತಟ್ಟಿದಳು. ಪಂಪು ಒತ್ತಿ ಬಕೆಟ್ಟು ತುಂಬಿಸಿದಳು, ಚೆಲ್ಲಿದಳು, ಮತ್ತೆ ತುಂಬಿಸಿದಳು. ಕೊನೆಗೆ ಪಾಸ್ಟರ್ ಹಿತ್ತಿಲಿಗೂ ಬರದೆ ಮುಂಬಾಗಿಲಿಂದಲೇ ಹೋದದ್ದು ಕಿಟಕಿಯಲ್ಲಿ ಕಂಡಿತು.

ಒಳಗೆ ಹೋದಾಗ ಬತ್ತಿಗಳು ಆರಿದ್ದವು. ಇಲ್ಸಬೆ ಗೋಡೆಯ ಕಡೆ ಮುಖ ಮಾಡಿದ್ದಳು.

"ಒಲೆ ಚೆನ್ನಾಗಿ ಉರೀತಾ?"

*

ಮಣ್ಣು ಮಾಡಿ ಬಂದ ಮೇಲೆ ಇಲ್ಸಬೆಯ ಮನೆಯ ಉದ್ದನೆಯ ಮೇಜಿನ ಮೇಲೆ ಕಾಫಿ, ಬೆಣ್ಣೆ ಕೇಕು. ಬಿಸಿಗೆ ಎಲ್ಲರ ಮೂಗು ಸೋರತೊಡಗಿತು, ಮಾತೂ ಸಡಿಲಾಯಿತು.

"ನಾಳೆ ತಿಂಗಳ ಮೊದಲ ಭಾನುವಾರ," ಎಂದ ಕೋರ್ಡ್. ದೊಡ್ಡ ಚರ್ಚಿನ ಗಂಟೆ ಬಾರಿಸುವವನೂ, ಪ್ರತಿ ಸಲ ಡಬ್ಬಿ ಒಯ್ಯುವವನೂ ಅವನೇ. "ಡಬ್ಬೀಲಿ ಹನ್ನೊಂದು ಬಿಲ್ಲೆ ಇದೆ. ಕ್ರಿಸ್ಮಸ್ಸಿಂದ ಬೇಯ್ಸೇ ಇಲ್ವಲ್ಲ ಪಾಪ. ಹನ್ನೊಂದನ್ನ ಎಪ್ಪತ್ತು ಜನಕ್ಕೆ ಹಂಚೋಕೆ ನಮ್ಮ ಪಾಸ್ಟರೇನು ಯೇಸುವಾ?"

"ಪೇಟೇಲಿ ಸಿಗುತ್ತೆ, ಮಿಷನ್ನಲ್ಲಿ ಮಾಡಿದ್ದು," ಎಂದರು ಯಾರೋ.

"ಥೂ, ಅದು ಕಾಗದ ತಿಂದ ಹಾಗಿರುತ್ತೆ," ಎಂದಳು ಟ್ರೀನೆ.

"ಇಲ್ಸಬೇದು ಮಾತ್ರ ಹೆಂಗಿತ್ತೇ?"

"ಅದೂ ಕಾಗದಾನೇ. ಆದ್ರೆ ನಮ್ಮೂರ ಕಾಗದ." ಟ್ರೀನೆ ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಗೇಷೆಯ ಕಡೆ ತಿರುಗಿದಳು. "ಅಚ್ಚು ನಿನಗೇ ತಾನೆ ಬಿಟ್ಟಿರೋದು? ನೀನೇ ಬೇಯ್ಸು."

ಸಣ್ಣ ಚರ್ಚಿನ ಮುದುಕನೊಬ್ಬ ಬಟ್ಟಲು ಕೆಳಗಿಟ್ಟ. "ಅವಳು ಆ ಕಡೆಯವಳಲ್ವಾ? ನಮಗೆ ಹೆಂಗೆ..."

"ಅಚ್ಚು ಯಾವ ಕಡೇದು ತಾತ? ಕೇಳಿ ಹೇಳು," ಎಂದಳು ಟ್ರೀನೆ.

ಮುದುಕ ಇನ್ನೊಂದು ತುಂಡು ಕೇಕು ತೆಗೆದುಕೊಂಡ. ಗೇಷೆ ಖಾಲಿ ಕಾಫಿ ಪಾತ್ರೆ ಹಿಡಿದು ಅಡಿಗೆಮನೆಗೆ ಬಂದಳು. ಹಿಂದೆಯೇ ಪಾಸ್ಟರ್ ವೀಬೆ ಬಂದು ಬಾಗಿಲ ಹತ್ತಿರ ನಿಂತ.

"ಗೇಷೆಯಮ್ಮ, ಒಂದು ಮಾತು."

"ಬೆಂಚಿನ ವಿಷಯ ಅಲ್ವಾ ಪಾಸ್ಟರೇ? ಟ್ರೀನೆ ಎಳೆದು ಕೂರಿಸಿದ್ಲು. ನಾನಾಗಿ ಕೂರಲಿಲ್ಲ."

"ಬೆಂಚಿನದಲ್ಲ. ಮಂಗಳವಾರದ್ದು." ಅವನು ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸಿದ. "ಅದಕ್ಕೂ ಮುಂಚೆ ಶುಕ್ರವಾರ ಬಂದಿದ್ನಲ್ಲ, ನೀವು ಹಾಲು ತರೋಕೆ ಹೋಗಿದ್ರಿ. ಆಗ ನಿಮ್ಮಕ್ಕ ನನ್ನ ಕೇಳಿದ್ರು, ಮಂಗಳವಾರ ಎರಡು ತನ್ನಿ ಅಂತ."

"ಎರಡು ಏನು?"

"ಬಿಲ್ಲೆ. ಒಂದು ಅವರಿಗೆ, ಒಂದು ನಿಮಗೆ."

ಗೇಷೆ ಪಾತ್ರೆಯನ್ನು ಒಲೆಯ ಮೇಲಿಟ್ಟಳು. ಒಲೆ ಆರಿಹೋಗಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

"ಆಗೋದಿಲ್ಲ ಅಂದೆ ನಾನು. ನಿಯಮ ಹೇಳಿದೆ. ಅದಕ್ಕವರು, ಪಾಸ್ಟರೇ, ಸಭೆ ಒಂದಾಗಿರೋಕೆ ಏನು ಬೇಕು ಅಂತ ನೀವೇ ಮಕ್ಕಳಿಗೆ ಕಲಿಸ್ತೀರಲ್ಲ, ಹೇಳಿ ನೋಡೋಣ ಅಂದ್ರು. ಸುವಾರ್ತೆ ಸರಿಯಾಗಿ ಸಾರಬೇಕು, ದೀಕ್ಷಾಸ್ನಾನದ ನೀರು, ಭೋಜನದ ರೊಟ್ಟಿ ದ್ರಾಕ್ಷಾರಸ ಕ್ರಿಸ್ತ ಹೇಳಿದ ಹಾಗೆ ಕೊಡಬೇಕು, ಅಷ್ಟಾದ್ರೆ ಸಾಕು, ಮನುಷ್ಯರು ಕಟ್ಟಿದ ಪದ್ಧತಿ ಎಲ್ಲಾ ಕಡೆ ಒಂದೇ ಇರಬೇಕಾಗಿಲ್ಲ ಅಂದೆ. ಅವರು ನಕ್ಕು ಹೇಳಿದ್ರು, ನನ್ನ ತಂಗಿಗೂ ಆಚೆ ಚರ್ಚಲ್ಲಿ ಇದನ್ನೇ ಹೇಳ್ತಾರಂತೆ. ಹಂಗಾದ್ರೆ ನಮ್ಮಿಬ್ಬರ ಮಧ್ಯೆ ಇರೋದು ಏನು, ಮದುವೆ ಪುಸ್ತಕದ ನಾಕು ಸಾಲು, ಅವಳ ಗಂಡನೂ ಸತ್ತು ಹನ್ನೊಂದು ವರ್ಷ ಆಯ್ತು ಅಂತ."

ಪಕ್ಕದ ಕೋಣೆಯಲ್ಲಿ ಯಾರೋ ಹಂದಿಯ ಕತೆ ಹೇಳುತ್ತಿದ್ದರು. ಎಲ್ಲರೂ ಗೊಳ್ಳೆಂದರು.

"ನಾಲ್ಕು ದಿನ ನಿದ್ದೆ ಬರಲಿಲ್ಲ ನನಗೆ. ನಾಕು ಸಾಲು ಅಷ್ಟು ಹಗುರವಲ್ಲ ಅಂತ ಒಂದು ಮನಸ್ಸು, ಅದಕ್ಕೋಸ್ಕರ ನಮ್ಮ ಹಿರಿಯರು ಹಳೇ ಚರ್ಚನ್ನೇ ಬಿಟ್ಟು ಬಂದಿದ್ದಾರೆ. ಇನ್ನೊಂದು ಮನಸ್ಸು ಇನ್ನೊಂದು ಹೇಳ್ತು. ಕೊನೆಗೆ ಎರಡು ತಂದೆ."

"ತಂದಿದ್ರಾ?"

"ತಟ್ಟೇಲಿಟ್ಟೆ. ತಲೆ ಎತ್ತೋಷ್ಟರಲ್ಲಿ ನೀವು ಬಾಗಿಲು ಹಾಕ್ಕೊಂಡು ಹೋಗಿದ್ರಿ." ಪಾಸ್ಟರ ಕಿವಿ ಕೆಂಪಾಯಿತು. "ನಾನು ಎದ್ದು ಬಂದು ಕರೀಬೇಕಿತ್ತು. ಬರಲಿಲ್ಲ. ಸದ್ಯ, ಅವರೇ ಹೋದರಲ್ಲ ಅಂತ ಒಂದು ಗಳಿಗೆ ಅನ್ನಿಸಿತು ನನಗೆ. ಅದನ್ನ ಹೇಳಬೇಕು ಅಂತಲೇ ಬಂದೆ. ಪ್ರಸಂಗ ಮಾಡ್ತಾ ನಿಮ್ಮ ಮುಖ ನೋಡೋಕಾಗಲಿಲ್ಲ."

"ಅಕ್ಕ ಏನಂದ್ಲು?"

"ತಾಳಿ, ಬರ್ತಾಳೆ ಅಂದ್ರು. ನಿಮ್ಮನ್ನ ಕರೆದ್ರು."

"ಕರೆದ್ಲಾ?"

"ಎರಡು ಸಲ. ದನಿ ಇರಲಿಲ್ಲ ಅವರಿಗೆ. ಒಳಗೆ ಒಲೆ ಸದ್ದು, ನೀರಿನ ಸದ್ದು." ಅವನು ಬಾಗಿಲಿನ ಕಡೆ ನೋಡಿದ. "ಕಾದೆವು. ಆಮೇಲೆ ಅವರೊಬ್ಬರೇ ತಗೊಂಡರು. ಎರಡನೇದರ ಮೇಲೂ ಪ್ರಾರ್ಥನೆ ಆಗಿತ್ತು, ವಾಪಸು ಡಬ್ಬಿಗೆ ಹಾಕೋ ಹಾಗಿಲ್ಲ. ನಾನೇ ತಗೊಂಡೆ."

ಗೇಷೆ ಎಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. ಕೈ ಒದ್ದೆಯಿರಲಿಲ್ಲ.

"ನಿಮ್ಮ ಕಾಫಿ ತಣ್ಣಗಾಗ್ತಿದೆ ಪಾಸ್ಟರೇ," ಎಂದಳು. "ಹೋಗಿ, ಕೇಕು ತಿನ್ನಿ. ಹೇಳಿದ್ದು ಒಳ್ಳೇದಾಯ್ತು."

*

ನಾಲ್ಕು ಗಂಟೆಗೆ ಮನೆ ಖಾಲಿಯಾಯಿತು. ಟ್ರೀನೆ ಬಟ್ಟಲುಗಳನ್ನೆಲ್ಲ ತೊಳೆದಿಟ್ಟು, "ನಮ್ಮನೇಲಿ ಮಲ್ಕೊ ಬಾ," ಎಂದಳು. ಗೇಷೆ ಬೇಡವೆಂದಳು. ಹೋಗುವಾಗ ಕೋರ್ಡ್ ದೊಡ್ಡ ಚರ್ಚಿನ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದ. ಅದರ ಪಕ್ಕದಲ್ಲಿ ಸಣ್ಣ ಚರ್ಚಿನ ಡಬ್ಬಿ ಆಗಲೇ ಇತ್ತು. ಪಾಸ್ಟರ್ ಯಾವಾಗ ಇಟ್ಟನೋ ಅವಳು ನೋಡಿರಲಿಲ್ಲ.

ಗೇಷೆ ಒಲೆ ಹೊತ್ತಿಸಲು ಕುಳಿತಳು. ಬಳೆ ಎತ್ತಿದಾಗ ಅದು ಕಬ್ಬಿಣಕ್ಕೆ ತಾಗಿ ಠಣ್ ಎಂದಿತು. ಅವಳು ಅದನ್ನು ಕೈಯಲ್ಲೇ ಹಿಡಿದು, ಸದ್ದು ಪೂರ್ತಿ ಅಡಗುವವರೆಗೆ ಅಲುಗಾಡಲಿಲ್ಲ. ಆಮೇಲೆ ಎದ್ದು ಹೋಗಿ ಮಲಗುವ ಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಮುಚ್ಚಿಕೊಳ್ಳದ ಹಾಗೆ ಅಕ್ಕನ ಮರದ ಚಪ್ಪಲಿಯೊಂದನ್ನು ಅಡ್ಡ ಇಟ್ಟಳು. ಒಳಗೆ ಹಾಸಿಗೆ ಸುತ್ತಿಟ್ಟಿತ್ತು. ಎರಡು ಕುರ್ಚಿಗಳು ಮಂಗಳವಾರ ಇದ್ದ ಜಾಗದಲ್ಲೇ ಇದ್ದವು.

ಒಲೆಯ ಉಳಿದ ಬಳೆಗಳನ್ನು ಸದ್ದಾಗದಂತೆ, ಬಟ್ಟೆ ಸುತ್ತಿ ಎತ್ತಿದಳು.

ಅಚ್ಚು ಗೂಟದಲ್ಲಿ ತೂಗುತ್ತಿತ್ತು. ಅವಳು ನೆನೆಸಿಕೊಂಡದ್ದಕ್ಕಿಂತ ಭಾರವಾಗಿತ್ತು. ಮೇಣ ಸವರಿದಳು, ಕಾಯಿಸಿದಳು. ಹಿಟ್ಟಿಗೆ ಎಷ್ಟು ನೀರು ಎಂದು ಯಾರೂ ಬರೆದಿಟ್ಟಿರಲಿಲ್ಲ. ಚಮಚದಿಂದ ಇಳಿಯುವ ಹಿಟ್ಟಿನ ಧಾರೆ ನೋಡಿ ಕೈಯೇ ಹೇಳಿತು. ಹೊಯ್ದು ಮುಚ್ಚಿದಾಗ ಚುಂಯ್ ಎಂದಿತು. ಆವಿ ಎದ್ದು ಕಿಟಕಿ ಮಂಜಾಯಿತು.

ಮೊದಲ ಹಾಳೆ ಒಂದು ಬದಿಗೆ ಕಂದಿತ್ತು, ಶಿಲುಬೆಗಳ ಸುತ್ತ ಮಸಿ. ಮೇಣದ ವಾಸನೆ ಅಡಿಗೆಮನೆ ತುಂಬಿತು. ಗೇಷೆ ಅದನ್ನು ಎರಡು ಕೈಯಲ್ಲಿ ಹಿಡಿದು ನಡುಗೆರೆಗೆ ಸರಿಯಾಗಿ ಮುರಿದಳು. ಒಂದನ್ನು ಮೇಜಿನ ಆಚೆ ಬದಿಗೆ ಇಟ್ಟಳು. ಒಂದನ್ನು ತಾನು ತಿಂದಳು, ಚೂರು ಚೂರಾಗಿ, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ. ಆದರೂ ಮುಗಿಯಿತು.

ಆಮೇಲೆ ಕೈ ಒರೆಸಿ ಎರಡನೆಯ ಹಾಳೆಗೆ ಹಿಟ್ಟು ಹೊಯ್ದಳು. ಮೇಜಿನ ಆಚೆ ಉಳಿದ ಅರ್ಧ ತಣ್ಣಗಾಗುತ್ತ ಅಂಚುಗಳನ್ನು ಮೆಲ್ಲಗೆ ಮೇಲಕ್ಕೆ ಮಡಿಸಿಕೊಳ್ಳತೊಡಗಿತ್ತು.